ಪ್ರಾಗ್‌ನಲ್ಲಿ ಗೈಡ್ ಜೊತೆ ಒಂದು ದಿನ: ಮೇಲಿಂದ ಕೆಳಗೆ ನಡೆಯಿರಿ

ಪ್ರಾಗ್‌ಗೆ ಹೋಗುವವರು ಗೈಡ್ ಗೊತ್ತು ಮಾಡುವ ಮೊದಲು ವಾರ ನೋಡಿಕೊಳ್ಳಿ. ಶನಿವಾರ ಯಹೂದಿ ಕೇರಿಯ (ಯೋಸೆಫೊವ್) ಮ್ಯೂಸಿಯಂಗಳು ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ಸೇಂಟ್ ವೀಟಸ್ ಚರ್ಚಿನಲ್ಲಿ ಪ್ರಾರ್ಥನೆ, ಪ್ರವಾಸಿಗರಿಗೆ ಒಳಗೆ ಬಿಡುವುದು ಮಧ್ಯಾಹ್ನದ ನಂತರವೇ. ಆದ್ದರಿಂದ ಮಂಗಳವಾರದಿಂದ ಗುರುವಾರದೊಳಗೆ ಇಟ್ಟುಕೊಂಡರೆ ನೆಮ್ಮದಿ.

ಹಳೇ ಊರಿನಿಂದ ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ ಹತ್ತಬೇಡಿ. ಕಲ್ಲುಹಾಸಿನ ಏರುದಾರಿಯಲ್ಲಿ ವಯಸ್ಸಾದವರ ಮಂಡಿ ಅರ್ಧ ದಿನಕ್ಕೇ ಸೋಲುತ್ತದೆ. 22ನೇ ನಂಬರ್ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿದರೆ ಅಲ್ಲಿಂದ ಕೋಟೆಗೆ ಇಳಿಜಾರೇ. ಕಾಗದದ ಟಿಕೆಟ್ ಕೊಂಡರೆ ಸಾಲದು, ಟ್ರಾಮ್ ಒಳಗಿನ ಹಳದಿ ಯಂತ್ರದಲ್ಲಿ ಒಮ್ಮೆ ಮುದ್ರೆ ಹಾಕಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿರುತ್ತಾರೆ, ದಂಡ ಬೀಳುತ್ತದೆ.

ಕೋಟೆಯ ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು, ದೊಡ್ಡ ಬ್ಯಾಗ್ ರೂಮಿನಲ್ಲೇ ಬಿಡಿ. ನೆರುದೋವಾ ಬೀದಿಯಲ್ಲಿ ಇಳಿಯುವಾಗ ಬಾಗಿಲ ಮೇಲಿನ ಚಿತ್ರಗಳ ಬಗ್ಗೆ ಗೈಡ್‌ಗೆ ಕೇಳಿ: ಮನೆ ನಂಬರ್ ಇಲ್ಲದ ಕಾಲದಲ್ಲಿ ಪಿಟೀಲು, ಸೂರ್ಯ, ಕೀಲಿಕೈಗಳೇ ವಿಳಾಸ. ಬಹಳ ಗುಂಪುಗಳು ಇದನ್ನು ನೋಡದೆ ದಾಟಿಬಿಡುತ್ತವೆ, ಎಷ್ಟು ನಷ್ಟ!

ಅದೇ ದಾರಿ ವಲ್ಟಾವಾ ನದಿಯ ಚಾರ್ಲ್ಸ್ ಸೇತುವೆಗೆ ಮುಟ್ಟಿಸುತ್ತದೆ. 1357ರಲ್ಲಿ ಅಡಿಗಲ್ಲು ಬಿದ್ದದ್ದು, ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ. ಮಧ್ಯಾಹ್ನ ಇಲ್ಲಿ ಕಾಲಿಡಲು ಜಾಗವಿರಲ್ಲ. ಫೋಟೋ ಬೇಕಿದ್ದವರು ಮರುದಿನ ಸೂರ್ಯೋದಯಕ್ಕೆ ಬನ್ನಿ.

ಸೇತುವೆ ದಾಟಿದರೆ ಹಳೇ ಊರು. ಅಲ್ಲಿನ 1410ರ ಖಗೋಳ ಗಡಿಯಾರದ ಗೊಂಬೆಗಳು ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಬರುತ್ತವೆ. ಹತ್ತು ನಿಮಿಷ ಮೊದಲೇ ನಿಲ್ಲಿ, ಪರ್ಸ್ ಮುಂದಿನ ಜೇಬಿನಲ್ಲಿರಲಿ. ಎಲ್ಲರೂ ತಲೆ ಎತ್ತಿ ನೋಡುವ ಆ ಕ್ಷಣಕ್ಕೇ ಜೇಬುಗಳ್ಳರು ಕಾಯುತ್ತಾರೆ.