ಅಡಿಕೆ ಸುಲಿಯುತ್ತಾ ಲ್ಯಾಟಿನ್ ಹಾಡು ಕೇಳುವ ಬಗೆ

ನಾನು ಹೇಳುತ್ತಿರುವುದು ‘ಕಾರ್ಮಿನಾ ಬುರಾನಾ’ ಎಂಬ, ಎಂಟುನೂರು ವರ್ಷ ಹಳೆಯ ಲ್ಯಾಟಿನ್ ಹಾಡುಗಳ ಸಂಗ್ರಹದ ಬಗ್ಗೆ. ಮೊದಲು ಒಂದು ಎಚ್ಚರಿಕೆ. ಫೋನಿನಲ್ಲಿ ‘ಕಾರ್ಮಿನಾ ಬುರಾನಾ’ ಅಂತ ಹುಡುಕಿದರೆ ಎದುರಿಗೆ ಬರುವುದು ಹಳೇ ಸಂಗೀತವಲ್ಲ. ದೊಡ್ಡ ಮೇಳ, ನಗಾರಿ, ಮೈ ಜುಂ ಅನ್ನಿಸುವ ಅಬ್ಬರ. ಅದು ಕಾರ್ಲ್ ಓರ್ಫ್ ಎಂಬ ಜರ್ಮನ್ ಸಂಗೀತಗಾರ ಕಟ್ಟಿದ್ದು, ಮೊದಲ ಪ್ರಯೋಗ 1937ರಲ್ಲಿ. ಮಾತು ಮಾತ್ರ ಹಳೆಯದು. ನಾನು ಎರಡು ವಾರ ಅದನ್ನೇ ಎಂಟುನೂರು ವರ್ಷದ ಹಿಂದಿನ ಸಂಗೀತ ಅಂದುಕೊಂಡು, ಶಿರಸಿ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೇಳಿಸಿದ್ದೆ. ಯಾರೂ ತಪ್ಪು ಹಿಡಿಯಲಿಲ್ಲ, ಪುಣ್ಯ.

ಮೂಲ ಹಸ್ತಪ್ರತಿ ಬರೆದದ್ದು ಸುಮಾರು 1230ರಲ್ಲಿ. 1803ರಲ್ಲಿ ಜರ್ಮನಿಯ ಬವೇರಿಯಾದ ಬೆನೆಡಿಕ್ಟ್‌ಬೊಯರ್ನ್ ಮಠದಲ್ಲಿ ಸಿಕ್ಕಿತು. ಮಠದಲ್ಲಿ ಸಿಕ್ಕಿತೆಂದು ಕೈ ಮುಗಿದು ಕೂರಬೇಡಿ. ಪ್ರೀತಿ, ಕುಡಿತ, ಜೂಜು, ಚರ್ಚಿನ ದೊಡ್ಡವರ ದುಡ್ಡಿನಾಸೆಗೆ ಕುಟುಕು, ಎಲ್ಲಾ ಇದೆ. ಹಳೇ ವಾದ್ಯ ಹಿಡಿದು ಇದನ್ನು ಹಾಡಿದ ತಂಡಗಳಿವೆ. ಥಾಮಸ್ ಬಿಂಕ್ಲಿಯ ತಂಡ 1960ರ ದಶಕದಲ್ಲಿ, ರೆನೆ ಕ್ಲೆಮೆನ್ಚಿಚ್ ತಂಡ 1970ರ ದಶಕದಲ್ಲಿ ಧ್ವನಿಮುದ್ರಿಸಿದ್ದು ಹುಡುಕಿ. ಪೇಟೆಗೆ ಹೋದಾಗಲೇ ಇಳಿಸಿಕೊಳ್ಳಿ. ನಮ್ಮ ಊರಿನ ನೆಟ್‌ವರ್ಕ್ ನಂಬಿದರೆ ಒಂದು ಹಾಡಿಗೆ ಒಂದು ರಾತ್ರಿ.

ಎರಡು ತಂಡ ಯಾಕೆ ಅಂದರೆ, ಇಡೀ ಮಜಾ ಇರುವುದೇ ಅಲ್ಲಿ. ಯಕ್ಷಗಾನದ ಪ್ರಸಂಗ ಪುಸ್ತಕ ತೆಗೆದು ನೋಡಿ. ಪದದ ಮೇಲೆ ರಾಗ, ತಾಳದ ಹೆಸರು ಇರುತ್ತದೆ, ಅಷ್ಟೇ. ಉಳಿದದ್ದು ಭಾಗವತರ ಗಂಟಲಲ್ಲಿ. ಈ ಹಸ್ತಪ್ರತಿಯಲ್ಲಿ ಅಷ್ಟೂ ಇಲ್ಲ. ಕೆಲವು ಹಾಡುಗಳ ಅಕ್ಷರದ ಮೇಲೆ ಸಣ್ಣ ಗೀಟುಗಳಿವೆ. ಸ್ವರ ಏರಿತೋ ಇಳಿಯಿತೋ ಅವು ಹೇಳುತ್ತವೆ. ಎಷ್ಟು ಏರಿತು ಅಂತ ಹೇಳುವುದಿಲ್ಲ. ಅದೇ ಹಾಡು ಬೇರೊಂದು ಹಸ್ತಪ್ರತಿಯಲ್ಲಿ ಸ್ವರದ ಎತ್ತರ ತೋರಿಸುವ ಗೆರೆ ಎಳೆದು ಬರೆದದ್ದು ಸಿಕ್ಕರೆ ಮಟ್ಟು ಗೊತ್ತಾಗುತ್ತದೆ. ತಾಳ, ವಾದ್ಯ, ವೇಗ ಎಲ್ಲಾ ಇವತ್ತಿನ ಹಾಡುಗಾರರ ಲೆಕ್ಕಾಚಾರ. ಬಡಗಿನ ಭಾಗವತರ ಪದವನ್ನೇ ತೆಂಕಿನವರ ಬಾಯಲ್ಲಿ ಕೇಳಿದ ಹಾಗೆ. ಎರಡೂ ತಂಡ ಹಾಡಿದ ಒಂದು ಹಾಡು ಹುಡುಕಿ, ಒಂದರ ಹಿಂದೆ ಒಂದು ಹಾಕಿ. ಬಿಂಕ್ಲಿಯವರದ್ದರಲ್ಲಿ ಅರಬ್ಬರ ಸಂಗೀತದ ವಾಸನೆ ಇದೆ. ಕ್ಲೆಮೆನ್ಚಿಚ್ ಅವರದ್ದು ಜಾತ್ರೆಯ ಗಲಾಟೆ. ನನಗೆ ಗಲಾಟೆಯೇ ಇಷ್ಟ.

ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಕೆಳಗೆ ಶ್ರುತಿ ಹಿಡಿದ ಸ್ವರ ಇರುತ್ತದೆ, ಅದೇ ಸತ್ತುಹೋಗುತ್ತದೆ. ಶ್ರುತಿಪೆಟ್ಟಿಗೆ ಇಲ್ಲದೆ ಭಾಗವತರು ಹಾಡಿದರೆ ಹೇಗಿರುತ್ತದೆ? ನಾನು ಒಮ್ಮೆ ಫೋನನ್ನು ಬಚ್ಚಲಿನ ಖಾಲಿ ಹಂಡೆಯೊಳಗೆ ಇಟ್ಟೆ, ಕಲ್ಲಿನ ಚರ್ಚಿನ ಗುಂಯ್ ಅನ್ನುವ ಸದ್ದು ಬರಲಿ ಅಂತ. ಗುಂಯ್ ಬಂತು, ಮಾತು ಹೋಯಿತು. ‘ಹಂಡೆಯೊಳಗೆ ಯಾರು ಬಿದ್ರು?’ ಅಂದಳು ಹೆಂಡತಿ. ಸಾಧಾರಣ ಇಯರ್‌ಫೋನ್ ಸಾಕು.

ಉಚ್ಚಾರ ಬೇರೆ ಬೇರೆ ಕೇಳಿಸಿದರೆ ಗಾಬರಿ ಬೇಡ. ‘ಶಾಂತಿಯಲ್ಲಿ’ ಅನ್ನುವುದಕ್ಕೆ ಇಟಲಿಯ ರೀತಿಯಲ್ಲಿ ‘ಇನ್ ಪಾಚೆ’, ಜರ್ಮನ್ ರೀತಿಯಲ್ಲಿ ‘ಇನ್ ಪಾತ್ಸೆ’. ಘಟ್ಟದ ಮೇಲಿನ ಮಾತು, ಕೆಳಗಿನ ಮಾತು ಇದ್ದಂತೆ. ಹೊನ್ನಾವರದಲ್ಲಿ ನನ್ನ ಹಳೇ ಟೀಚರ್ ಒಬ್ಬರಿದ್ದಾರೆ. 1960ರ ದಶಕದಲ್ಲಿ ಚರ್ಚಿನ ಪೂಜೆ ಊರ ಭಾಷೆಗೆ ತಿರುಗುವ ಮೊದಲು ಅವರು ಲ್ಯಾಟಿನ್‌ನಲ್ಲೇ ಹಾಡಿದವರು. ನನ್ನ ಫೋನಿಗೆ ಕಿವಿ ಕೊಟ್ಟು, ‘ತಮ್ಮಾ, ಇವ್ರು ಪ್ರಾಸ ಎಷ್ಟು ಚೆಂದ ಒತ್ತಿ ಹೇಳ್ತಾರೆ ನೋಡು’ ಅಂದರು. ಅರ್ಥ ಆಗದಿದ್ದರೂ ಅದೊಂದನ್ನು ಹಿಡಿದುಕೊಳ್ಳಿ. ಹಳಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಇವರದ್ದು ಸಾಲಿನ ಕೊನೆಯಲ್ಲಿ.

ಅರ್ಥ ಬೇಕೇ ಬೇಕು ಅನ್ನುವವರು ಹೆಂಡದಂಗಡಿಯ ಹಾಡಿನಿಂದ ಶುರು ಮಾಡಿ, ‘ಇನ್ ತಬೆರ್ನಾ’ ಅಂತ ಆರಂಭ. ಸೆರೆಯಲ್ಲಿದ್ದವರ ಹೆಸರಲ್ಲಿ ಒಮ್ಮೆ ಕುಡಿ, ಬದುಕಿರುವವರ ಹೆಸರಲ್ಲಿ ಮೂರು ಸಲ, ಎಲ್ಲಾ ಕ್ರೈಸ್ತರಿಗೆ ನಾಲ್ಕು, ಸತ್ತ ಭಕ್ತರಿಗೆ ಐದು, ಹೀಗೆ ಏರುತ್ತಾ ಹೋಗುತ್ತದೆ. ಚರ್ಚಿನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಮಾಡುವ ಪ್ರಾರ್ಥನೆಯ ಅಣಕ ಅದು.

ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತವರಿಗೆ ಇದನ್ನು ಕನ್ನಡದಲ್ಲಿ ಹೇಳಿ ಕೇಳಿಸಿದೆ. ಡಬ್ಬಿ ಲೆಕ್ಕದಲ್ಲಿ ಸುಲಿಯುವವರು ಅಲ್ವಾ, ಎಣಿಸುವ ಹಾಡು ತಕ್ಷಣ ಹಿಡಿಯಿತು. ಈಗ ಹೊಸ ಹಾಡು ಹಾಕಿದರೆ ‘ಅದು ಬೇಡ, ಲೆಕ್ಕದ ಪದ ಹಾಕಿ ಹೆಗಡೇರೆ’ ಅನ್ನುತ್ತಾರೆ.