ರೊಟ್ಟಿ ಬಡಿಯೋ ಕೈಗೆ ಬೇರೆ ಕೆಲಸ

ಧಾರವಾಡದಲ್ಲಿ ನಾನು, ಶಾಂತಕ್ಕ ಕೂಡಿ ರೊಟ್ಟಿ ಅಂಗಡಿ ಹಾಕಿದ್ದೇವೆ. ಬಂಡವಾಳ, ಲಾಭ ಎರಡೂ ಅರ್ಧರ್ಧ. ಅಕ್ಕನ ಬಲ ಎದೆಯ ಕ್ಯಾನ್ಸರ್ ಗಡ್ಡೆ, ಬಗಲಿನ ಗಂಟು ತೆಗೆದ ಮೇಲೆ ಕೀಮೋ ಶುರುವಾಯಿತು. ಮೊದಲ ಕೀಮೋ ಆಗಿ ಆರನೇ ದಿನ ಅಂಗಡಿಗೆ ಬಂದಳು. ಅಷ್ಟೊತ್ತಿಗೆ ನಾನು ರೊಟ್ಟಿಗೆ ಬೇರೆ ಹೆಣ್ಣುಮಗಳನ್ನು ಹಚ್ಚಿ, ಲೆಕ್ಕದ ವಹಿ ಮನೆಗೊಯ್ದು, ಆರ್ಡರ್ ಫೋನನ್ನೂ ನನ್ನ ನಂಬರಿಗೆ ತಿರುಗಿಸಿದ್ದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

"ನಾ ಇನ್ನೂ ಅದೀನಲ್ಲ? ಇಷ್ಟ ಲಗೂ ನನ್ನ ಪಾಟಿ ಒರಿಸಿಬಿಟ್ಟ್ಯಾ?" ಅಂದಳು.

ಏನು ಬಿಡುತ್ತೀ, ಏನು ಇಟ್ಟುಕೊಳ್ಳುತ್ತೀ ಅಂತ ಆಕೆಯನ್ನು ಕೇಳಿಯೇ ಇರಲಿಲ್ಲ ನಾನು. ಆವತ್ತೇ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು. ಕೀಮೋ 21 ದಿನಕ್ಕೊಮ್ಮೆ, ನಾಲ್ಕು ಸಲ. ಆಮೇಲೆ ಬೇರೆ ಔಷಧ, ವಾರಕ್ಕೊಮ್ಮೆ, 12 ವಾರ. 21 ದಿನದ ಪ್ರತಿ ಸುತ್ತಿನಲ್ಲಿ ಮೊದಲ ಐದು ದಿನ ವಾಕರಿಕೆ, ಸುಸ್ತು, ಮನೆಯಲ್ಲೇ ಇರುವುದು. ಸುಮಾರು 7ರಿಂದ 14ನೇ ದಿನದತನಕ ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ಲಗೂ ತಗಲುತ್ತದೆ, ಕೆಮ್ಮುವ ಗಿರಾಕಿ ಎದುರು ಕೂಡುವಂತಿಲ್ಲ; ಒಳಗಿನ ಕೋಣೆಯಲ್ಲಿ ಫೋನು, ಲೆಕ್ಕ. ಮೂರನೇ ವಾರ ಗಲ್ಲೆ ಆಕೆಯದು. ಗುರೆಳ್ಳು ಹುರಿಯುವ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಹಾಗಾಗಿ ಚಟ್ನಿಪುಡಿ ಕೆಲಸ ಆಕೆ ಮನೆಗೆ ಹೋದ ಮೇಲೆ.

ಜ್ವರ 100.4 ಡಿಗ್ರಿ ಮುಟ್ಟಿದರೆ ಗುಳಿಗೆ ನುಂಗಿ ಮಲಗಬೇಡಿ, ನಡುರಾತ್ರಿಯಾದರೂ ಬನ್ನಿ ಅಂದಿದ್ದರು ಡಾಕ್ಟರು. ಅದನ್ನು ಇದ್ದಿಲಲ್ಲಿ ಗೋಡೆಗೆ ಬರೆದೆ. ಒಂದು ಸಲ ಹಾಗೆ ಹೋಗಲೂ ಬೇಕಾಯಿತು.

ರೊಕ್ಕದ ಮಾತು ಕಷ್ಟದ್ದು. ಅರ್ಧ ಪಾಲು ನಾನು ಕೊಡುತ್ತಿದ್ದೆ, ಆಕೆ ದೂಡುತ್ತಿದ್ದಳು. ಕೊನೆಗೆ ಆಕೆಯೇ ದಾರಿ ಹೇಳಿದಳು: ಬಂಡವಾಳದ ಪಾಲು ಇಬ್ಬರಿಗೂ ಮೊದಲಿನಂತೆ, ದಿನದ ಕೂಲಿ ಬೇರೆ ತೆಗೆದು ದುಡಿದವರಿಗೆ. ಅರ್ಧ ದಿನ ಬಂದರೆ ಅರ್ಧ ಕೂಲಿ. ಬರೆಯುವವಳೂ ಆಕೆಯೇ.

ಸಂಕ್ರಾಂತಿ ಹೊತ್ತಿಗೆ ಜಗಳವಾಯಿತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಗಿರಾಕಿ ಮುಕುರಿದ್ದರು, ಹಬ್ಬಕ್ಕೆ ಮೂರು ದಿನ ಇರುವಾಗ ಮೂರನೇ ಕೀಮೋ. "ಒಂದ್ ವಾರ ಮುಂದ ಹಾಕಸೋಣ" ಅಂದಳು. ಬೇರೆ ಎಲ್ಲದಕ್ಕೂ ಆಕೆಯ ಮಾತು ಕೇಳಿದವಳು ಇದೊಂದಕ್ಕೆ ಕೇಳಲಿಲ್ಲ. ಅರ್ಧ ಆರ್ಡರ್ ಬಿಟ್ಟೆವು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು, ಮೆಟ್ಟಿಲು ಹತ್ತುವ ತ್ರಾಸಿಲ್ಲ, ಬರುವಾಗ ಆಟೋ. ದಾರಿಯುದ್ದಕ್ಕೂ ನನ್ನ ಜೊತೆ ಮಾತಿಲ್ಲ.

ವಾರದ ಔಷಧ ಏಳನೆಯದಿರಬೇಕು, ಒಂದು ಮಧ್ಯಾಹ್ನ "ಒಂದs ಒಂದ್ ಬಡೀತೀನಿ" ಅಂತ ಒಲೆ ಮುಂದೆ ಕೂತಳು. ತಟ್ಟಿದ್ದು ದುಂಡಗೇ ಬಂತು. ಹಂಚಿಗೆ ಹಾಕಿ, ನೀರು ಸವರಿ, ಎಂದಿನಂತೆ ಬೆರಳಲ್ಲೇ ಅಂಚು ಎತ್ತಿದಳು. ಎತ್ತಿದ ಬೆರಳು ಹಂಚಿನ ಮೇಲೇ ನಿಂತಿತ್ತು. ನಾನು ಚೀರಿದ ಮೇಲೆ ಕೈ ನೋಡಿಕೊಂಡಳು, ತುದಿ ಬೆಳ್ಳಗಾಗಿತ್ತು. "ಹೌದs?" ಅಂದಳು, ಬೇರೆಯವರ ಕೈ ಎಂಬಂತೆ.

ಔಷಧದಿಂದ ಬೆರಳು ಜೋಮು ಹಿಡಿಯುತ್ತದಂತೆ. ವಾರದಿಂದ ಇತ್ತು, ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಪ್ರಮಾಣ ಇಳಿಸಿದರು. ಬಗಲಿನ ಗಂಟು ತೆಗೆದ ಕೈಗೆ ಸುಟ್ಟ ಗಾಯ, ಕೊಯ್ದ ಗಾಯ ಆಗಗೊಡಬೇಡಿ, ಸೋಂಕಾಗಿ ಕೈ ಬಾತೀತು ಅಂತಲೂ ಎಚ್ಚರಿಸಿದರು. ಅಂದಿನಿಂದ ಪ್ರತಿ ಸೋಮವಾರ ಆಕೆಯ ಅಂಗೈಯಲ್ಲಿ ಜೋಳದ ಕಾಳಿಟ್ಟು, ಕಣ್ಣು ಮುಚ್ಚಿಸಿ, ಎಷ್ಟು ಅಂತ ಕೇಳುತ್ತಿದ್ದೆ. ಆಸ್ಪತ್ರೆಯವರು ಹೇಳಿದ್ದಲ್ಲ, ನಮ್ಮದೇ ಪರೀಕ್ಷೆ. ತಪ್ಪಿದ್ದನ್ನು ಡಾಕ್ಟರಿಗೆ ಹೇಳುತ್ತಿದ್ದೆವು.

ಔಷಧ ಮುಗಿದಿದೆ. ಬೆರಳಿಗೆ ಇನ್ನೂ ಪೂರಾ ತಿಳಿಯುವುದಿಲ್ಲ. ರೊಟ್ಟಿ ತಿರುವಲು ಒಲೆ ಪಕ್ಕ ಇಕ್ಕಳ ಇಟ್ಟಿದ್ದೇವೆ. ನಾನು ಮುಟ್ಟಿದರೆ, "ಅದು ನಂದು, ಇಡಲ್ಲೆ" ಅನ್ನುತ್ತಾಳೆ.