ಎಂಜಿನ್ ಲೈಟ್ ಬಂದ ಗಾಡಿಯನ್ನು ನಾನು ನೋಡುವ ರೀತಿ

ಚಿಕ್ಕಮಗಳೂರಿನಲ್ಲಿ ಗ್ಯಾರೇಜು ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತಿದ ಗಾಡಿಗಳು ಜಾಸ್ತಿ. ಬಂದವರು ಕೇಳುವುದು ಒಂದೇ: “ಸ್ಕ್ಯಾನರ್ ಹಾಕಿ, ಯಾವ ಪಾರ್ಟ್ ಹೋಗಿದೆ ನೋಡಿ.” ಸ್ಕ್ಯಾನರಿಗೆ ಅದು ಗೊತ್ತಿರುವುದಿಲ್ಲ. ಯಾವ ಕಡೆಯ ರೀಡಿಂಗ್ ಸರಿಯಿಲ್ಲ ಅನ್ನುವುದಷ್ಟೇ ಅದು ತೋರಿಸುವ ಕೋಡಿನಲ್ಲಿ ಇರುತ್ತದೆ. ಸೆನ್ಸರೋ, ವೈರೋ, ಸಾಕೆಟ್ಟೋ ಅಂತ ಹುಡುಕುವುದು ನಮ್ಮ ಕೆಲಸ.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದವರೊಬ್ಬರು ಕಾರು ತಂದರು. ಎಂಜಿನ್ ತಣ್ಣಗಿದ್ದರೂ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ತಿರುಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ, ಮೈಲೇಜೂ ಇಳಿದಿತ್ತು. ಕೋಡ್ ಪಿ0118. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಅಂತ ಅರ್ಥ. “ಬೇರೆ ಕಡೆ ಹೊಸ ಸೆನ್ಸರ್ ಹಾಕಿಸಿದೆ ಕಣಪ್ಪಾ, ಲೈಟ್ ಹೋಗ್ಲೇ ಇಲ್ಲ” ಅಂದರು.

ಲೈವ್ ಡೇಟಾ ತೆಗೆದು ನೋಡಿದೆ. ಕೂಲೆಂಟ್ ಮೈನಸ್ 40 ಡಿಗ್ರಿ! ಮೂಡಿಗೆರೆಯ ಜುಲೈ ಚಳಿ ಎಷ್ಟೇ ಇದ್ದರೂ ಅಷ್ಟಂತೂ ಇಲ್ಲ, ಅಲ್ವಾ? ಈ ಸೆನ್ಸರ್ ತಣ್ಣಗಿದ್ದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಡಿಮೆ. ವೈರ್ ಎಲ್ಲೋ ತುಂಡಾದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊಡುವ 5 ವೋಲ್ಟ್ ಹಾಗೇ ಉಳಿಯುತ್ತದೆ. ಅದನ್ನು ಇಸಿಯು ವಿಪರೀತ ಚಳಿ ಅಂತ ಓದುತ್ತದೆ. ನಂಬಲು ಆಗದ ರೀಡಿಂಗ್ ಆದ್ದರಿಂದ ಎಂಜಿನ್ ಬಿಸಿಯಾಗದಿರಲಿ ಅಂತ ಫ್ಯಾನನ್ನೂ ಓಡಿಸುತ್ತದೆ.

ಸೆನ್ಸರಿನ ಸಾಕೆಟ್ ಬಿಚ್ಚಿ, ಅದರ ಎರಡೂ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದೆ. ಎರಡು ವೈರಿನ ಸೆನ್ಸರಿಗೆ ಮಾತ್ರ ಹೀಗೆ ಮಾಡಬೇಕು, ಸಿಕ್ಕ ಸಿಕ್ಕ ಸಾಕೆಟ್ಟಿಗೆ ಮಾಡಬೇಡಿ. ವೈರಿಂಗ್ ಚೆನ್ನಾಗಿದ್ದರೆ ಟೆಂಪರೇಚರ್ ಒಮ್ಮೆಗೇ ನೂರರ ಮೇಲೆ ಹಾರಬೇಕು. ಇಲ್ಲಿ ಅಲ್ಲಾಡಲೇ ಇಲ್ಲ. ಹಾಗಾದರೆ ತಪ್ಪು ಸಾಕೆಟ್ಟಿನ ಹಿಂದೆ ಇದೆ.

ಬ್ಯಾಟರಿ ಟ್ರೇ ಎತ್ತಿದರೆ ಕೆಳಗೆ ಸಿಲ್ವರ್ ಓಕ್ ಎಲೆ, ಗೋಣಿಯ ನಾರು, ಇಲಿ ಹಿಕ್ಕೆ. ಕಾರು ನಿಲ್ಲುವುದು ಕಾಫಿ ಮೂಟೆ ಇಡುವ ಗೋಡೌನ್ ಪಕ್ಕವಂತೆ. ಟೇಪ್ ಬಿಡಿಸಿದಾಗ ಒಂದು ವೈರ್ ಪೂರ್ತಿ ಕಡಿದಿತ್ತು, ತಾಮ್ರದ ತುದಿ ಹಸಿರುಗಟ್ಟಿತ್ತು. ಹಸಿರು ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಸ್ಲೀವ್ ಕೂರಿಸಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಹಳೆಯ ಸೆನ್ಸರಿಗೂ ಮೀಟರ್ ಹಿಡಿದೆ. ಸುಮಾರು 2.3 ಕಿಲೋ ಓಮ್. ಆ ತಂಪಿಗೆ ಅದು ಸರಿಯಾದ ಲೆಕ್ಕವೇ. “ಸುಮ್ನೆ ದುಡ್ಡು ಕೊಟ್ಟೆ” ಅಂತ ಅವರು ಗೊಣಗಿದರು.

ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳದ ಗಾಡಿಗಳದ್ದು ಇನ್ನೊಂದು ಕಥೆ. ಊರೊಳಗೆ ನೆಟ್ಟಗೆ ಓಡುವ ಗಾಡಿ ಚಾರ್ಮಾಡಿ ಹತ್ತುವಾಗ ಜರ್ಕ್ ಹೊಡೆಯುತ್ತದೆ, ಯಾಕೆಂದರೆ ಲೋಡ್ ಬಿದ್ದಾಗಲೇ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲಿನ ಬಲಹೀನತೆ ಗೊತ್ತಾಗುವುದು. ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಾದರೆ ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ಒಂದು ಸುತ್ತು ಹೋಗಿ ಬರುತ್ತೇನೆ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲೇ ಕಳ್ಳ. ಎರಡರಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕಡೆಗೆ ಕಂಪ್ರೆಷನ್. ಪ್ಲಗ್ ಬಿಚ್ಚಿದಾಗ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಕಂಡರೆ ಕಿಡಿ ಹೊರಗಿಂದಲೇ ಹಾರುತ್ತಿದೆ. ಪ್ರೆಶರ್ ವಾಶ್ ಮಾಡಿಸಿದ ಎಂಜಿನ್‌ಗಳಲ್ಲಿ ಪ್ಲಗ್ ಗುಳಿಯಲ್ಲಿ ನೀರೂ ನಿಂತಿರುತ್ತದೆ. ಬಾನೆಟ್ ಒಳಗೆ ನೀರು ಹೊಡೆಸುವುದು ನನಗಂತೂ ಇಷ್ಟವಿಲ್ಲ.

ಎಂಜಿನ್ ಲೈಟ್ ಮಿನುಗಿದರೆ ಮಾತ್ರ ಗಾಡಿ ಪಕ್ಕಕ್ಕೆ ಹಾಕಿ, ಮಿಸ್ಸಿಂಗ್ ಜೋರಾಗಿದೆ ಅಂತ ಅರ್ಥ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್ ಪಿ0420 ನೋಡಿದ ಕೂಡಲೇ ಕನ್ವರ್ಟರ್ ಬದಲಿಸಿ ಅನ್ನುವವರಿದ್ದಾರೆ. ಮಿಸ್ಸಿಂಗ್, ಎಕ್ಸಾಸ್ಟ್ ಲೀಕ್ ಎರಡನ್ನೂ ನೋಡದೆ ಆ ದುಬಾರಿ ಮಾತು ಆಡಬಾರದು.

ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬಂದರೆ ನಾನು ಮೊದಲು ಬ್ಯಾಟರಿಗೆ ಮೀಟರ್ ಹಿಡಿಯುತ್ತೇನೆ. ನಿಂತಾಗ 12.6 ವೋಲ್ಟ್ ಆಸುಪಾಸು, ಸ್ಟಾರ್ಟ್ ಆದಾಗ ಸಾಮಾನ್ಯವಾಗಿ 14 ಹತ್ತಿರ. ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿರುವುದೂ ನಮ್ಮ ಕಡೆ ಮಾಮೂಲು.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮಿನ ಫೋಟೋ ತೆಗೆದುಕೊಳ್ಳಿ. ಲೈಟ್ ಬಂದ ಹೊತ್ತಿನ ಆರ್‌ಪಿಎಂ, ಸ್ಪೀಡ್, ಟೆಂಪರೇಚರ್ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಇಷ್ಟಕ್ಕೆ ಮೊಬೈಲಿಗೆ ಸೇರಿಸುವ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸಾಕು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೂರುತ್ತದೆ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಹಾಗೇ ಬಿಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ.